ಪೂಜಿಗೆ ಕುಂತ ಜಾಕ್

ಹುಬ್ಬಳ್ಳಿಗೆ ಜಾಕ್ ತರಾಕ ಹೊಂಟ ದಿನ ನನ್ನ ಜೋಡೀದಾರ ಬೈಲಹೊಂಗಲ ಬಸ್ ಸ್ಟ್ಯಾಂಡಿಗೆ ಒಂದು ಜ್ವಾಳದ ದಂಟಿನ ತುಂಡು ಹಿಡಕೊಂಡು ಬಂದ. ಗೇಣಿಗಿಂತಾ ಸಣ್ಣದು. ದಾರ್ಯಾಗ ದನಾ ಕಂಡ್ರ ಹಾಕಾಕೇನು ಅಂತ ನಾ ಚ್ಯಾಷ್ಟಿ ಮಾಡಿದ್ನಿ. ಅಂವ ನಗಲಿಲ್ಲ. ನಮ್ಮ ಗ್ಯಾರೇಜಿಗೆ ಬರೂ ಕಾರಿನೊಳಗ ಎಲ್ಲಾದಕ್ಕಿಂತ ತಗ್ಗ ಇದ್ದದ್ದರ ಅಡಿಗೆ ಹಿಡದು, ಬರೋಬ್ಬರಿ ಅಷ್ಟಕ್ಕ ಮುರಕೊಂಡು ಬಂದಿದ್ದನಂತ. ಟೇಪು ಮನ್ಯಾಗ ಮರತು ಬರತೇವಿ, ಕಿಸೇದಾಗಿನ ದಂಟು ಎಲ್ಲಿ ಹೋಗತೈತಿ ಅಂದ.

ನಾವಿಬ್ಬರೂ ಒಬ್ಬನ ಉಸ್ತಾದನ ಕೈಯಾಗ ಕೆಲಸ ಕಲತವ್ರು. ಗ್ಯಾರೇಜು ಸವದತ್ತಿ ರಸ್ತಾಕ ಹತ್ತಿ, ನಮ್ಮ ಮನಿ ಮುಂದಿನ ಖುಲ್ಲಾ ಜಾಗಾದಾಗ ಐತಿ. ಜಾಗಾ ನಮ್ಮದು, ಕೆಲಸ ಇಬ್ಬರದೂ. ಇಂಜಿನ್ ಮ್ಯಾಲಿಂದು ನಾ ನೋಡತೇನಿ, ಗಾಡಿ ಅಡಿಗಿಂದು ಅಂವ ನೋಡತಾನ. ಕ್ಲಚ್, ಸಸ್ಪೆನ್ಶನ್, ಸೈಲೆನ್ಸರ್ ಅಂದ್ರ ಅಂವ ಬೆನ್ನಮ್ಯಾಲೆ ಮಲಗಿ ಸರಕೋತ ಒಳಗ ಹೋಗಾಂವ, ನಾ ಹೊರಗ ನಿಂತು ಜಾಕ್ ಹೊಡಿಯಾಂವ. ಅಂವ ಅಡಿಗೆ ಇದ್ದಷ್ಟು ಹೊತ್ತು ಗಾಡಿ ಮ್ಯಾಲೇ ಇರೂವಂಗ ನೋಡಕೊಳ್ಳೂದು ನನ್ನ ಜವಾಬ್ದಾರಿ.

ನಮ್ಮ ಹಳೇ ಟ್ರಾಲಿ ಜಾಕ್ ಆ ಹೊತ್ತಿಗೆ ಮುದುಕ ಆಗಿತ್ತು. ಟ್ರಾಲಿ ಜಾಕ್ ಅಂದ್ರ ನಾಕು ಗಾಲಿ ಮ್ಯಾಲೆ ನೆಲಕ್ಕ ಹತ್ತಿ ಕುಂಡ್ರೂವಂಥಾದ್ದು. ಉದ್ದನ ಹ್ಯಾಂಡಲ್ ಹೊಡದ್ರ ಒಳಗಿನ ಎಣ್ಣಿ ರಾಡನ್ನ ದೂಡತೈತಿ, ರಾಡ್ ತೋಳನ್ನ ಎತ್ತತೈತಿ, ತೋಳು ಗಾಡೀನ್ನ ಎತ್ತತೈತಿ. ಆ ಎಣ್ಣಿ ತಡದು ಹಿಡಿಯೂದು ಒಂದು ರಬ್ಬರಿನ ಸೀಲು. ನಮ್ಮದರ ರಾಡಿಗೆ ಜಂಗ ಹಿಡದು ಸಣ್ಣ ಸಣ್ಣ ಗುಣಿ ಬಿದ್ದಿದ್ದುವು. ಹೊಸಾ ಸೀಲ್ ಹಾಕಿದ್ರ ಆ ಗುಣಿ ಅದನ್ನ ಕೆರದು ಕೆರದು ತಿಂದಬಿಡತಿದ್ದುವು. ಗಾಡಿ ಎತ್ತಿ ಚಾ ಕುಡದು ಬರೂದ್ರಾಗ ಅದು ಒಂದು ಬೆರಳಷ್ಟು ಇಳದು ಕುಂತಿರತಿತ್ತು. ಗಾಡಿ ಎತ್ತಿದ ಮ್ಯಾಲೆ ಕಬ್ಬಿಣದ ಸ್ಟ್ಯಾಂಡ್ ಇಟ್ಟ ಕೆಲಸ ಮಾಡತಿದ್ವಿ, ಅದಕ್ಕ ಹ್ಯಾಂಗೋ ನಡದಿತ್ತು.

ಹುಬ್ಬಳ್ಳಿ ಅಂಗಡಿಯಾಂವ ಮೊದಲ ಎರಡು ಟನ್ನಿಂದೊಂದು ತೋರಿಸಿದ. ಕೆಂಪ ಬಣ್ಣ ಮಿಂಚತಿತ್ತು. ಎತ್ತಾಕ ಹಗೂರ, ಬಸ್ಸಿನಾಗ ಒಯ್ಯಾಕ ಸಲೀಸ ಅಂತ ನನ್ನ ಮನಸ್ಸು ಅದರ ಮ್ಯಾಲೇ ಕುಂತಿತು. ಜೋಡೀದಾರ ಕುಕ್ಕರಗಾಲಿಲೆ ಕುಂತು ಅದರ ತೆಲಿ ಬಾಜೂಕ ದಂಟು ಹಿಡದ. ತೆಲಿ ದಂಟಿಗಿಂತಾ ಮ್ಯಾಲೆ. ಇದು ಆ ಗಾಡಿ ಅಡಿಗೇ ಹೋಗೂದಿಲ್ಲ ಅಂತ ಎದ್ದಬಿಟ್ಟ. ಆಮ್ಯಾಲೆ ಅಂಗಡಿಯಾಂವ ಒಳಗಿಂದ ಮೂರು ಟನ್ನಿನ ಉದ್ದಂದೊಂದು ಎಳಕೊಂಡು ಬಂದ. ತಗ್ಗ, ಅಗಲ, ತೆಲಿ ಮ್ಯಾಲೆ ದಪ್ಪನ ರಬ್ಬರ್ ಗಾದಿ. ದಂಟಿಗಿಂತಾ ಒಂದು ಬೆರಳ ಕೆಳಗೇ ಇತ್ತು.

ಅಷ್ಟಕ್ಕ ಬಿಡಲಿಲ್ಲ ನಾವು. ಅಂಗಡಿಯಾವನ ಕಾರೇ ಮುಂದ ನಿಂತಿತ್ತು, ಅದನ್ನ ಎತ್ತಿ ತೋರಸ್ರಿ ಅಂದ್ವಿ. ಅಂವಗ ಸಿಟ್ಟು ಬಂತು, ಆದ್ರ ಎತ್ತಿದ. ಗಾಡಿ ಅಂಚಿಗೆ ಬರೋಬ್ಬರಿ ಬಾಜೂಕಿನ ಕಂಬಕ್ಕ ಸುಣ್ಣದ ಕಡ್ಡೀಲೆ ಗೆರಿ ಹಾಕಿ, ಇಬ್ಬರೂ ಹೋಗಿ ಚಾ ಕುಡದು, ಎಲಿ ಅಡಕಿ ಹಾಕ್ಕೊಂಡು ಬಂದ್ವಿ. ಗೆರಿ ಅಲ್ಲೇ, ಗಾಡೀನೂ ಅಲ್ಲೇ. ಇಳಸೂ ವಾಲ್ ತಿರುವಿ ನೋಡಿದ್ವಿ, ಧೊಪ್ಪನ ಬೀಳದ ಎಮ್ಮಿ ಕುಂತಂಗ ಮೆಲ್ಲಕ ಇಳೀತು. ರಾಡಿನ ಸುತ್ತ ಬೆರಳಾಡಿಸಿ ನೋಡಿದ್ವಿ, ಎಣ್ಣಿ ಹತ್ತಲಿಲ್ಲ. ಬಸ್ಸಿನಾಗ ಕಂಡಕ್ಟರ ಇದು ಲಗೇಜೋ ಹೆಣಾನೋ ಅಂತ ತಂಟೆ ತಗದ. ಕಾಲ ಕೆಳಗ ಇಟ್ಟಕೊಂಡು, ದಾರಿ ತುಂಬ ಮಂದಿ ಬೈಗಳಾ ತಿನಕೋತ, ಹೊಸಾ ಮದಲಿಂಗರಂಗ ನಕ್ಕೋತ ಬಂದ್ವಿ.

ಮನಿಗೆ ಬಂದಕೂಡ್ಲೆ ಅಂವ ಹೇಳಿದ, ಹಳೇದನ್ನ ಇವತ್ತ ಗುಜರಿಗೆ ಹಾಕು ಅಂತ. ಇರಲಿ ಬಿಡೋ, ಮ್ಯಾಲೆ ಕೆಳಗ ಬೇಕಾಗತೈತಿ ಅಂದ್ನಿ. ಇದ್ರ ಯಾರರ ಹಚ್ಚತಾರ ಅಂದ. ನಮ್ಮ ಮನಿತನದಾಗ ಹಳೇ ಸಾಮಾನು ಹೊರಗ ಒಗದವ್ರು ಯಾರೂ ಇಲ್ಲ. ಮುರಕ ಕುಂಟೀನೂ ಅಟ್ಟದ ಮ್ಯಾಲೆ ಇರತಾವ. ಹಳೇ ಜಾಕ್ ಬಾಗಲಾ ಬಾಜೂಕ ಉಳೀತು.

ಅದಾಗಿ ಸ್ವಲ್ಪ ದಿನಕ್ಕ ಖಂಡೆ ಪೂಜಿ ಬಂತು. ನಮ್ಮ ಕಡೆ ಮಹಾನವಮಿಗೆ ಕಸಬಿನ ಸಾಮಾನು ಎಲ್ಲಾ ತೊಳದು, ಒರಸಿ, ವಿಭೂತಿ ಕುಂಕುಮ ಹಚ್ಚಿ ಪೂಜಿಗೆ ಕುಂಡ್ರಸತೇವಿ. ಕುಂಡ್ರಿಸಿದ ಮ್ಯಾಲೆ ಮರುದಿನ ಬನ್ನಿ ಮುಡಿಯೂ ತನಕ ಅವನ್ನ ಮುಟ್ಟೂದಿಲ್ಲ. ಅವಕ್ಕ ಅದೊಂದ ಸೂಟಿ. ಪಾನಾ, ಇಕ್ಕಳ, ಸುತ್ತಿಗಿ, ನಾಕೂ ಸ್ಟ್ಯಾಂಡು, ಎಲ್ಲಾ ಒಂದು ಕಂಬಳಿ ಮ್ಯಾಲೆ ಸಾಲಾಗಿ ಕುಂತುವು. ನಡುಬರಕ ಹೊಸಾ ಜಾಕ್, ಅದಕ್ಕ ಚೆಂಡು ಹೂವಿನ ದಪ್ಪನ ಮಾಲಿ, ಮುಂದೊಂದು ಕಾಯಿ. ಹಳೇ ಜಾಕ್ ಮಾತ್ರ ಇಡಲಿಲ್ಲ. ಭಿನ್ನ ಆದದ್ದು ಪೂಜಿಗೆ ಬರೂದಿಲ್ಲ ಅಂತ ನಮ್ಮವ್ವನ ಶಾಸ್ತ್ರ. ಅದು ಗೇಟಿನ ಹಂತ್ಯಾಕ ಕಸಬರಗಿ ಸಂಗಾಟ ನಿಂತಿತ್ತು.

ಜೋಡೀದಾರನ ಮನೀ ಮಂದಿ ಬೌದ್ಧರು, ಪೂಜಿ ಮಾಡೂದಿಲ್ಲ. ತನ್ನ ಸ್ವಂತ ಪಾನಾದ ಚೀಲ ಅಂವ ಎಂದೂ ಇಡತಿರಲಿಲ್ಲ, ನಾವೂ ಇಡು ಅಂತಿರಲಿಲ್ಲ. ಊಟಕ್ಕ ಮಾತ್ರ ತಪ್ಪತಿರಲಿಲ್ಲ, ನಮ್ಮವ್ವನ ಹೋಳಿಗಿ ಅಂದ್ರ ಅವಗ ಜೀವ. ಮರುದಿನ ದಸಮಿಗೆ ಅವರ ಧಮ್ಮದೀಕ್ಷಾ ದಿನದ ಹಬ್ಬ, ಮನಿ ಮಂದಿ ಎಲ್ಲಾ ಬಿಳೀ ಅರಿವಿ ಹಾಕ್ಕೊಂಡು ವಿಹಾರಕ್ಕ ಹೋಗತಾರ. ಹೊಸಾ ಬಿಳೀ ಅಂಗಿ ಹೊಲಿಸೇನಿ ಅಂತ ಆವತ್ತ ಮುಂಜಾನೆ ಅವ್ವನ ಮುಂದ ಹೇಳಾಕತ್ತಿದ್ದ.

ಪೂಜಿ ಮುಗದು ಇನ್ನೇನು ಆರತಿ ಆಗಬೇಕು, ಅಷ್ಟರಾಗ ರಸ್ತಾದ ಮ್ಯಾಲೆ ಗರಗರ ಸಪ್ಪಳ ಮಾಡಕೋತ ಒಂದು ಕಾರು ಬಂದು ನಿಂತಿತು. ಗಂಡ, ಹೆಂಡತಿ, ಹಿಂದ ಒಬ್ಬ ವಯಸ್ಸಾದ ತಾಯಿ. ಎಂ.ಕೆ. ಹುಬ್ಬಳ್ಳಿಯಿಂದ ಸುರೇಬಾನಕ್ಕ ಹಬ್ಬಕ್ಕ ಹೊಂಟಿದ್ರು. ಹಂಪ್ ಮ್ಯಾಲೆ ಬಡದು ಇಂಜಿನ್ ಅಡಿಗಿನ ಪ್ಲಾಸ್ಟಿಕ್ ಗಾರ್ಡ್ ಒಂದು ಕಡೆ ಹರದು ನೆಲಕ್ಕ ತಿಕ್ಕಾಕತ್ತಿತ್ತು. ದಾರ್ಯಾಗ ಎಲ್ಲಾ ಗ್ಯಾರೇಜು ಬಂದ್, ಎಲ್ಲಾ ಕಡೆ ಪೂಜಿ. ಏನರ ಮಾಡ್ರೀ ಅಣ್ಣಾರ ಅಂತ ಗಾಡಿಯಾಂವ ಕೈ ಜೋಡಿಸಿದ.

ನಾ ಇವತ್ತ ಸಾಮಾನು ಮುಟ್ಟೂದಿಲ್ರಿ ಅಂತ ಹೇಳಾಕತ್ತಿದ್ನಿ. ಜೋಡೀದಾರ ಬಗ್ಗಿ ನೋಡಿ, ಎರಡು ಬೋಲ್ಟ್ ಬಿಚ್ಚಿ ಗಾರ್ಡ್ ತಗದು ಕೊಟ್ರ ಆತು, ನಿಮ್ಮ ಪಾನಾ ಬ್ಯಾಡ, ನನ್ನ ಚೀಲ ಐತಲ್ಲ ಅಂದ. ವಯಸ್ಸಾದ ತಾಯಿ ಬಿಸಲಾಗ ಕುಂತಾಳ, ಹ್ಯಾಂಗ ಕಳಸ್ತಿ ಅಂದ. ಬರೋಬ್ಬರಿ ಮಾತು. ಆದ್ರ ಗಾಡಿ ಎತ್ತಬೇಕಲ್ಲ. ಅವರ ಗಾಡಿ ಜಾಕು ಡಿಕ್ಕಿಯೊಳಗ ಗಂಟು ಗದಡಿ ಅಡಿಗೆ ಹುಗದು ಹೋಗಿತ್ತು. ಸಿಕ್ಕಿದ್ರೂ ಅದು ಗಾಲಿ ಬದಲಿ ಮಾಡಾಕಷ್ಟ ಬರತೈತಿ, ಅದರ ಮ್ಯಾಲೆ ನಂಬಿಗಿ ಇಟ್ಟು ಅಡಿಗೆ ಹೋಗಾಕ ಬರೂದಿಲ್ಲ.

"ಹೊಸಾದ ತಗೋ" ಅಂದ ಜೋಡೀದಾರ. "ಮ್ಯಾಲೆ ಎರಡು ಸ್ಟ್ಯಾಂಡ್ ಕೊಡು. ಐದು ನಿಮಿಷ. ಆಮ್ಯಾಲೆ ಒರಸಿ ಅಲ್ಲೇ ಇಡೂಣು."

ಅವ್ವ ಅಲ್ಲೇ ಇದ್ಲು. ಆಕಿ ಬ್ಯಾಡ ಅನ್ನಲಿಲ್ಲ. ನಾ ಆಕಿನ್ನ ಕೇಳಲೇ ಇಲ್ಲ. ಖರೆ ಹೇಳಬೇಕಂದ್ರ ನನ್ನೊಳಗ ಆವಾಗ ದೇವರೂ ಇರಲಿಲ್ಲ, ಭಕ್ತೀನೂ ಇರಲಿಲ್ಲ. ಕಟ್ಟಿ ಮ್ಯಾಲೆ ನಮ್ಮ ಕಾಕಾ ಕುಂತಿದ್ದ, ಅಪ್ಪನ ತಮ್ಮ, ಅವನ ಬಾಜೂಕ ಓಣಿ ನಾಕ ಮಂದಿ ಹಿರಿಯರು. ಪೂಜಿಗೆ ಕುಂಡ್ರಿಸಿದ ಖಂಡೆ ಎಬ್ಬಿಸಿದಾ ಅಂತ ನಾಳೆ ಬನ್ನಿ ಕೊಡೂ ಹೊತ್ತಿಗೆ ಇಡೀ ಓಣಿ ಅಂತೈತಿ, ಅದೂ ಇವನ ಮಾತ ಕೇಳಿ ಎಬ್ಬಿಸಿದಾ ಅಂತಾರ, ಅಂತ ನನ್ನ ತೆಲಿ ಓಡೀತು. "ಇವನ ಮಾತ" ಅಂದ್ರ ಏನಂತ ಬಿಡಿಸಿ ಹೇಳೂದು ಬ್ಯಾಡ. ಇಷ್ಟು ವರ್ಷ ಒಂದ ತಾಟಿನಾಗ ಉಂಡವ ನಾ, ಹಂಗೂ ನನ್ನ ತೆಲಿಯೊಳಗ ಆ ಮಾತು ಬಂತು. ಇದನ್ನ ಬರಿಯಾಕ ನನಗ ನಾಚಿಕಿ ಬರತೈತಿ.

ಗೇಟಿನ ಹಂತ್ಯಾಕ ಹೋಗಿ ಹಳೇ ಜಾಕ್ ಎಳಕೊಂಡು ಬಂದ್ನಿ. ಐದು ನಿಮಿಷದ ಕೆಲಸ ಐತಲ್ಲ, ನಾ ಹ್ಯಾಂಡಲ್ ಹಿಡಕೊಂಡ ನಿಂದರತೇನಿ, ಇಳದಂಗ ಹೊಡಕೋತ ಇರತೇನಿ ಅಂದ್ನಿ. ಅಂವ ನನ್ನ ಮಾರಿ ನೋಡಿದ, ಕಟ್ಟಿ ಕಡೆ ನೋಡಿದ, ಮತ್ತ ನನ್ನ ಮಾರಿ ನೋಡಿದ. ಅವಗ ಎಲ್ಲಾ ತಿಳೀತು ಅನ್ನೂದು ನನಗೂ ತಿಳೀತು. ಗೇಟಿಗೆ ಅಡ್ಡ ಕೊಡೂ ಜಾಲಿ ಕಟಗಿ ತುಂಡು ಒಂದು ಬಿದ್ದಿತ್ತು, ಕಬ್ಬಿನ ಟ್ರೇಲರ್ ಗಾಲಿಗೆ ಒಡ್ಡ ಹಚ್ಚೂವಂಥಾದ್ದು. ಅದನ್ನ ಎತ್ತಿಕೊಂಡು ಬಂದ. ಹಿಂದಿನ ಗಾಲಿಗೆ ಕಲ್ಲ ಹಚ್ಚಿದ್ವಿ, ಹ್ಯಾಂಡ್ ಬ್ರೇಕ್ ಎಳಿಸಿದ್ವಿ. ಇಂಜಿನ್ ಅಡಿಗಿನ ಕಬ್ಬಿಣದ ಅಡ್ಡಪಟ್ಟಿಗೆ ಜಾಕಿನ ತೆಲಿ ಕೊಟ್ಟು ನಾ ಎತ್ತಿದ್ನಿ. ಅಂವ ಅಂಗಿ ತೋಳ ಏರಿಸಿ, ಕಟಗಿ ತುಂಡು ಮುಂದ ದೂಡಕೋತ ಅಡಿಗೆ ಹೋದ.

ಮೊದಲನೇ ಬೋಲ್ಟ್ ಬಿಚ್ಚಿ ಹೊರಗ ಒಗದ. ನಾ ಹ್ಯಾಂಡಲ್ ಹಿಡದ ನಿಂತಿದ್ನಿ. ಇಳದಂಗ ಅನ್ನಿಸಿದಾಗೊಮ್ಮೆ ಒಂದೊಂದ ಹೊಡತ ಕೊಡತಿದ್ನಿ, ಅದು ಏರತಿತ್ತು. ನೋಡು, ಸುಮ್ನ ಹೆದರಿಸ್ತಾನ ಅಂತ ಮನಸ್ಸಿನಾಗ ಅನಕೊಂಡ್ನಿ.

ಅಷ್ಟರಾಗ ಅವ್ವ ಆರತಿ ತಾಟ ಹಿಡಕೊಂಡು ಎಲ್ಲಾರ ಮುಂದ ಬರಾಕತ್ಲು. ಕಾಕಾ ತಗೊಂಡ, ಹಿರಿಯರು ತಗೊಂಡ್ರು, ಗಾಡಿಯಾವರು ತಗೊಂಡ್ರು. ತಾಟ ನನ್ನ ಮುಂದ ಬಂದು ನಿಂತಿತು. ಮುಂದ ಬಂದ ಆರತಿ ಬ್ಯಾಡ ಅಂತಾರೇನು? ಹ್ಯಾಂಡಲ್ ಬಿಟ್ಟು ಎರಡೂ ಕೈ ಒಡ್ಡಿ ಬಿಸಿ ತಗೊಂಡು ಕಣ್ಣಿಗೆ ಒತ್ತಿಕೊಂಡ್ನಿ. ಕಣ್ಣ ಮುಚ್ಚಿದ್ದಾಗ ಬುಸ್ ಅಂತ ಸಪ್ಪಳ ಕೇಳಿಸ್ತು. ಸೀಲ್ ಹರದು ಎಣ್ಣಿ ನನ್ನ ಕಾಲಮ್ಯಾಲೆ ಹಾರಿತು. ಗಾಡಿ ಕುಂತಬಿಟ್ಟಿತು.

ಅಂವ ಚೀರಲಿಲ್ಲ. "ಲೇ, ಕೈ" ಅಂದ ಅಷ್ಟ.

ಜಾಲಿ ಕಟಗಿ ಗಾಡಿ ತಡದು ನಿಂತಿತ್ತು. ಅದಿಲ್ಲದಿದ್ರ ಎದಿ ಮ್ಯಾಲೇ ಬರತಿತ್ತು. ಆದ್ರ ಅಂವ ಅದ ಹೊತ್ತಿಗೆ ಆ ಕಟಗೀನ ಬರೋಬ್ಬರಿ ಸರಸಾಕ ಬಲಗೈ ಇಟ್ಟಿದ್ದ. ಕಟಗಿಗೂ ಪಟ್ಟಿಗೂ ನಡುವ ಕೈ ಸಿಕ್ಕಿತ್ತು.

ಆವಾಗ ನಾ ಏನು ಮಾಡಿದ್ನಿ ಹೇಳತೇನಿ. ಓಡಿ ಹೋಗಿ ಕಂಬಳಿ ಮ್ಯಾಲಿಂದ ಹೊಸಾ ಜಾಕ್ ಎಳದ್ನಿ. ಕಾಯಿ ಉರುಳಿತು, ಮಾಲಿ ಹರೀತು, ಉದಿನಕಡ್ಡಿ ಕಾಲಾಗ ತುಳದ್ನಿ. ಓಣಿ ನೆನಪಾಗಲಿಲ್ಲ, ಕಾಕಾ ನೆನಪಾಗಲಿಲ್ಲ. ಗಾಡಿ ಕೆಳಗ ಕುಂತಿತ್ತು, ಬ್ಯಾರೆ ಜಾಕಾಗಿದ್ರ ಅಡಿಗೆ ಹೋಗತಿರಲಿಲ್ಲ. ಇದು ಹೋತು, ಅಂವ ದಂಟು ಹಿಡದು ಆರಿಸಿದ್ದು ಹೋತು. ಆದ್ರ ಗಡಿಬಿಡಿ ಮಾಡಾಕ ಬರೂದಿಲ್ಲ. ಜಾಕ್ ವಾರೆ ಹಚ್ಚಿದ್ರ ಗಾಡಿ ಜಾರಿ ಇದ್ದ ಕೈನೂ ಹೋಗತೈತಿ. ಹಳೇದನ್ನ ಹೊರಗ ಜಗ್ಗಿ ಒಗದು, ಹೊಸಾ ಜಾಕಿನ ತೆಲಿ ಪಟ್ಟಿ ನಡುವ ಬಂತೋ ಇಲ್ಲೋ ಮಲಗಿ ನೋಡಿ, ಮೆಲ್ಲಕ ಹೊಡದ್ನಿ. ಗಾಡಿ ಎದ್ದಂಗ ಜಾಕ್ ತನ್ನ ಗಾಲಿ ಮ್ಯಾಲೆ ಒಂದೀಟ ಮುಂದ ಉರುಳಿತು, ಹಂಗ ಉರುಳಬೇಕು. ಗಾಡಿಯಾಂವ ಅವನ ಎರಡೂ ಕಾಲ ಹಿಡದು ಹೊರಗ ಎಳದ. ನಾ ಕೈ ನೋಡಿದ್ನಿ. ಹೆಗಲ ಮ್ಯಾಲಿನ ಟಾವೆಲ್ ತಗದು ಅದಕ್ಕ ಸುತ್ತಿದ್ನಿ.

ಬೈಲಹೊಂಗಲ ದವಾಖಾನ್ಯಾಗ ಪಟ್ಟಿ ಕಟ್ಟಿ ಬೆಳಗಾವಿಗೆ ಕಳಸಿದ್ರು. ದಾರಿ ತುಂಬ ಅಂವ ನನ್ನ ಹೆಗಲ ಮ್ಯಾಲೆ ತೆಲಿ ಇಟ್ಟಿದ್ದ. ನಾ ತಪ್ಪಾತು ಅಂತ ಒಂದ ಸವನ ಅನಕೋತ ಹೋದ್ನಿ. ಸುಮ್ನ ಕುಂಡ್ರೋ, ತೆಲಿ ನೋಯಾಕತ್ತೈತಿ ಅಂದ. ಅವನ ಹೆಂಡತಿ ಹಿಂದಿನ ಗಾಡ್ಯಾಗ ಬಂದ್ಲು. ಡಾಕ್ಟರು ಬೆರಳ ಉಳಸಾಕ ನೋಡತೇವಿ, ಆದ್ರ ಬಲಗೈ ಮೊದಲಿನಂಗ ಮಡಚತೈತಿ ಅಂತ ಈಗ ಹೇಳಾಕ ಬರೂದಿಲ್ಲ ಅಂದ್ರು. ಮೆಕ್ಯಾನಿಕ್ಕಿಗೆ ಬಲಗೈ ಅಂದ್ರ ಅದ ಹೊಲ, ಅದ ಮನಿ. ಅದು ಹೋದ್ರ ಅಂವ ಏನ ಮಾಡಬೇಕು ಅನ್ನೂದೊಂದ ನನ್ನ ತೆಲ್ಯಾಗ ತಿರಗತಿತ್ತು.

ಮರುದಿನ ಅವರ ಅರಿವಿ ಅಂಚಡಿ ತರಾಕ ಊರಿಗೆ ಬಂದ್ನಿ. ಸಂಜಿಗೆ ಮಂದಿ ಬನ್ನಿ ಕೊಡಾಕ ಮನಿಗೆ ಬರಾಕತ್ರು. ನಾ ಬೈಗಳಾ ತಿನ್ನಾಕ ತಯಾರಾಗಿ ಕುಂತಿದ್ನಿ. ಬೈದವ್ರು ಒಬ್ರೂ ಇಲ್ಲ. ಭಾಳ ಶಾಣ್ಯಾತನ ಮಾಡಿದಿ, ನೀ ಇದ್ದಿ ಅಂತ ಅಂವ ಉಳದಾ ಅಂದ್ರು. ಪೂಜಿ ಸಾಮಾನು ಮುಟ್ಟಿದ್ದಕ್ಕ ದೋಷ ಇಲ್ಲೋ, ಜೀವ ಉಳಸಾಕ ಮುಟ್ಟಿದ್ದಿ ಅಂದ್ರು. ಸುರೇಬಾನಕ್ಕ ಹೋದ ಗಾಡಿಯಾಂವ ಫೋನ್ ಮಾಡಿ ನೀವು ದೊಡ್ಡವ್ರು ಅಂದ. ಕೈಯಾಗ ಬನ್ನಿ ಹಿಡಕೊಂಡು ಒಬ್ಬೊಬ್ಬರು ಬಂದು ನನ್ನ ಹೊಗಳತಿದ್ರ ನೆಲ ಬಾಯಿ ಬಿಡಬಾರದೇನು ಅನ್ನಿಸ್ತು. ಆಮ್ಯಾಲೆ ಕಾಕಾ ಎಲಿ ಅಡಕಿ ಜಗಕೋತ ತಣ್ಣಗ ಅಂದ: "ಅಂವ ದೇವರಿಗೆ ಕೈ ಮುಗಿಯೂದಿಲ್ಲ. ಅದಕ್ಕ ಕೈಗೇ ಬಂತು ನೋಡು."

ಕುಂತ ಮಂದಿ ಹೂಂ ಅಂದ್ರು. ನಾ ಬಾಯಿ ತಗೀಲಿಲ್ಲ. ಹಬ್ಬದ ದಿನ, ಹಿರಿಯಾಂವ, ಮನಿ ತುಂಬ ಮಂದಿ, ಅಂತ ಸಬೂಬ ಬೇಕಾದಷ್ಟ ಇದ್ದುವು. ಕೈಯಾಗಿನ ಬನ್ನಿ ಎಲಿ ಬೆವತು ಮುದ್ದಿ ಆಗಿತ್ತು. ಅಷ್ಟ ಜರಾ ಮಾತಾಡಾಕ ಆಗಲಿಲ್ಲ ನನಗ, ಥೂ.

ಮರುದಿನ ಮುಂಜಾನೆ ಬೆಳಗಾವಿ ದವಾಖಾನಿ ಪಡಸಾಲ್ಯಾಗ ಅವನ ಹೆಂಡತಿ ಒಬ್ಬಾಕೀನ ಕುಂತಿದ್ಲು. ವೈನಿ ಅಂತ ಕರೀತೇನಿ ನಾ ಆಕಿಗೆ. ಗಂಟ ಕೆಳಗ ಇಟ್ನಿ. ಆಕಿ ಅತ್ತಿರಲಿಲ್ಲ, ದನಿ ಏರಿಸಲಿಲ್ಲ. ನಡದದ್ದು ಎಲ್ಲಾ ಕೇಳಿ ತಿಳಕೊಂಡಿದ್ಲು. ನನ್ನ ಮಾರಿ ನೋಡದ ಗ್ವಾಡಿ ನೋಡಕೋತ ಕೇಳಿದ್ಲು:

"ಅಣ್ಣಾರ, ಆಮ್ಯಾಲೆ ಮುಟ್ಟಿದ್ದನ್ನ ಮೊದಲ ಮುಟ್ಟಾಕ ಬರತಿರಲಿಲ್ಲೇನ್ರಿ?"

"ಬರತಿತ್ತ್ರಿ, ವೈನಿ" ಅಂದ್ನಿ.

ಆಕಿ ಗಂಟ ಬಿಚ್ಚಿದ್ಲು. ಮ್ಯಾಲೇ ಆ ಹೊಸಾ ಬಿಳೀ ಅಂಗಿ ಇತ್ತು, ಗಡಿಬಿಡ್ಯಾಗ ನಾನ ತುರುಕಿದ್ನಿ. ಅದನ್ನ ಮತ್ತ ಮಡಚಿ ತಳದಾಗ ಇಟ್ಲು.

ಊರಿಗೆ ಬಂದ ಮ್ಯಾಲೆ ಗ್ಯಾರೇಜಿನ ಬಾಗಲಾ ತಗದ್ನಿ. ಕಾಕಾ ದಿನದಂಗ ಕಟ್ಟಿ ಮ್ಯಾಲೆ ಬಂದು ಕುಂತ. ಯಾರೋ ಗಿರಾಕಿ ನಿಮ್ಮ ಜೋಡೀದಾರ ಎಲ್ಲಿ ಅಂತ ಕೇಳಿದ್ದಕ್ಕ ಅದ ಕೈ ಮುಗಿಯೂ ಮಾತು ತಗದ. ನಾ ಕೈಯಾಗಿನ ಪಾನಾ ಕೆಳಗ ಇಟ್ನಿ. ಕಾಕಾ, ಅಂವ ಹೊಸಾ ಜಾಕ್ ತಗೋ ಅಂದಿದ್ದ, ಸ್ಟ್ಯಾಂಡ್ ಕೊಡು ಅಂದಿದ್ದ, ನಿಮ್ಮ ಮುಂದ ಅಂದಿದ್ದ. ನೀವು ಏನಂತೀರಿ ಅಂತ ಅಂಜಿ ನಾ ಕೆಟ್ಟ ಜಾಕ್ ಹಚ್ಚಿದ್ನಿ, ಹಿಡಕೊಂಡ ನಿಂದರತೇನಿ ಅಂದಾಂವ ಕೈ ಬಿಟ್ನಿ. ಅದು ದೇವರ ಕೆಲಸ ಅಲ್ಲ, ನನ್ನ ಕೆಲಸ ಅಂತ ಗಿರಾಕಿ ಮುಂದ ಹೇಳಿದ್ನಿ. ಕಾಕಾ, ಆತ ಬಿಡು, ಆಗೂದು ಆಗಿ ಹೋತು ಅಂದ. ಗಿರಾಕಿ ಗಾಡಿ ಯಾವಾಗ ಕೊಡ್ತೀರಿ ಅಂದ. ಹೇಳಿದ್ದರಿಂದ ಯಾರದೂ ಏನೂ ಬದಲಾಗಲಿಲ್ಲ. ನನಗೂ ಹಗೂರ ಆಗಲಿಲ್ಲ.

ಹಳೇ ಜಾಕ್ ಕೇಳಕೊಂಡು ಟ್ರ್ಯಾಕ್ಟರ್ ರಿಪೇರಿಯಾಂವ ಒಬ್ಬ ಬಂದ. ಸೀಲ್ ಹಾಕ್ಕೊಂಡು ನಡಸತೇನಿ, ಕೊಡು ಅಂದ. ಕೊಡೂದಿಲ್ಲ ಅಂದ್ನಿ. ಗುಜರಿಗೂ ಹಾಕಲಿಲ್ಲ, ಗುಜರಿಯಾಗಿಂದ ಎತ್ತಿ ಬಣ್ಣಾ ಬಳದು ಮಾರೂ ಮಂದಿ ಇರತಾರ. ವಾಲ್ ಪೂರಾ ಸಡ್ಲ ಮಾಡಿ ಉಳದ ಎಣ್ಣಿ ಬಸಿದ್ನಿ. ರಾಡ್ ಹೊರಗ ಜಗ್ಗಿ ಗ್ರೈಂಡರ್ ಹಚ್ಚಿ ಎರಡ ತುಂಡ ಮಾಡಿದ್ನಿ. ತೋಳೂ ಕೊಯ್ದ್ನಿ. ಕೊಯ್ಯುವಾಗ ಆ ಗುಣಿ ಬೆಳಕಿಗೆ ಚೊಲೊತ್ನ್ಯಾಗ ಕಂಡುವು. ಕಣ್ಣಿದ್ದವಗ ಯಾವಾಗ ನೋಡಿದ್ರೂ ಕಾಣೂವಂಥಾವು.

ಅಂವ ಇಲ್ಲದ ದಿನ ಅಡಿಗಿನ ಕೆಲಸಾನೂ ನಾನ ಮಾಡಿದ್ನಿ. ಗಾಲಿಗೆ ಒಡ್ಡ, ಜಾಕ್ ಪಟ್ಟಿ ನಡುವ, ಎತ್ತೂದು, ಎರಡೂ ಕಡೆ ಸ್ಟ್ಯಾಂಡ್, ಗಾಡಿ ಭಾರ ಸ್ಟ್ಯಾಂಡಿಗೆ ಇಳಸೂದು, ಹೆಗಲ ಹಚ್ಚಿ ಅಲಗಾಡಿಸಿ ನೋಡೂದು. ಇಷ್ಟೆಲ್ಲಾ ಮಾಡಿ ಬೆನ್ನಮ್ಯಾಲೆ ಮಲಗಿ ಒಳಗ ಸರದಕೂಡ್ಲೆ ಹೊರಗ ಬರಬೇಕು ಅನ್ನಿಸತಿತ್ತು. ಮೂಗಿಗೆ ಹತ್ತೂವಂಗ ಕಬ್ಬಿಣ, ಕಣ್ಣಾಗ ಬೀಳೂ ಮಣ್ಣು. ಹೊರಗ ನಿಂತಾವನ ಚಪ್ಪಲಿ ಬಿಟ್ಟು ಬ್ಯಾರೆ ಏನೂ ಕಾಣೂದಿಲ್ಲ. ಇಷ್ಟು ವರ್ಷ ಅಂವ ನನ್ನ ಚಪ್ಪಲಿ ನೋಡಕೋತ ಅಲ್ಲಿ ಮಲಗಿದ್ದ.

ಮೂರು ಬೆರಳ ಕೂಡಿದುವು. ಕಿರಿಬೆರಳು, ಅದರ ಬಾಜೂಕಿಂದು ಮಡಚೂದಿಲ್ಲ. ಅಂವ ಆಗಾಗ ಬಂದು ಕಟ್ಟಿ ಮ್ಯಾಲೆ ಕುಂತು ಒಂದು ರಬ್ಬರ್ ಚೆಂಡು ಹಿಸಕತಿದ್ದ. ಕಾಕಾ ಅಂದದ್ದು ಅವಗ ಗೊತ್ತಿತ್ತು, ನಾ ಸುಮ್ನ ಕುಂತದ್ದೂ ಗೊತ್ತಿತ್ತು. ಒಂದ ದಿನಾನೂ ಎತ್ತಿ ಆಡಲಿಲ್ಲ. ಒಂದ ಸಲ ಬೈದಬಿಡೋ, ಕಪಾಳಕ್ಕ ಹೊಡದಬಿಡೋ ಅಂತ ಖುದ್ದ ಹೇಳಿದ್ನಿ. ಕೈ ಆರಾಮ ಆಗಲಿ ತಡಿ, ಈಗ ಹೊಡದ್ರ ನನಗ ನೋವಾಗತೈತಿ ಅಂತ ನಕ್ಕ. ಕೆಲಸಕ್ಕ ಯಾವಾಗ ಬರತಿ ಅಂತ ಕೇಳಾಕ ನನಗ ಬಾಯಿ ಬರತಿರಲಿಲ್ಲ. ಬೆಳಗಾವಿ ಕಡೆ ದೊಡ್ಡ ಗ್ಯಾರೇಜಿನಾಗ ಬಿಲ್ ನೋಡೂ ಕೆಲಸ ಐತಂತ ಯಾರೋ ಹೇಳಿದ್ರಂತ, ಅದನ್ನೂ ಅಂವ ನನ್ನ ಮುಂದ ಹೇಳಿದ್ದ. ಹೋಗು ಅನ್ನಾಕೂ ಬರಲಿಲ್ಲ, ಬ್ಯಾಡ ಅನ್ನಾಕ ನನಗ ಹಕ್ಕೂ ಇರಲಿಲ್ಲ.

ಒಂದ ಮುಂಜಾನೆ ಪಾನಾದ ಚೀಲ ಹೆಗಲಿಗೆ ಹಾಕ್ಕೊಂಡು ಬಂದ. ಹಳೇ ಮಾಸಲ ಅಂಗಿ. ಏನೂ ಆಗಲಾರದವರಂಗ, ಏನೈತಿ ಇವತ್ತ ಅಂದ. ಕ್ಲಚ್ ಕೆಲಸ ಬಂದಿತ್ತು. ನನಗ ಎಷ್ಟ ಖುಷಿ ಆತಂದ್ರ ಅವಗ ಚಾ ಹೇಳೂದ ಮರತ್ನಿ. ಗಾಲಿಗೆ ಒಡ್ಡ ಹಚ್ಚಿ, ಜಾಕ್ ಕೊಟ್ಟು ಎತ್ತಿದ್ನಿ. ಎರಡೂ ಕಡೆ ಸ್ಟ್ಯಾಂಡ್ ಇಟ್ನಿ, ಭಾರ ಇಳಿಸಿದ್ನಿ, ಹೆಗಲ ಹಚ್ಚಿ ಅಲಗಾಡಿಸಿ ನೋಡಿದ್ನಿ. ಹೂಂ, ಹೋಗು ಅಂದ್ನಿ.

ಅಂವ ಹೋಗಲಿಲ್ಲ. ಚೀಲ ಕೆಳಗ ಇಟ್ಟ. ಎಡಗೈ ಬಾನೆಟ್ ಅಂಚಿಗೆ ಒತ್ತಿ ಗಾಡಿ ದೂಡಿ ನೋಡಿದ. ಆಮ್ಯಾಲೆ ಮೊಣಕಾಲೂರಿ ಕುಂತು, ಮೊಬೈಲಿನ ಟಾರ್ಚ್ ಹಚ್ಚಿ, ಸ್ಟ್ಯಾಂಡ್ ಕೆಳಗ ಜಾರದಂಗ ತಡಿಯೂ ಪಿನ್ನ ಪೂರಾ ಒಳಗ ಹೋಗೇತೇನು ಅಂತ ಮಡಚಲಾರದ ಬೆರಳಿಲೆ ಮುಟ್ಟಿ ನೋಡಿದ. ಎದ್ದು ನನ್ನ ಕಡೆ ಹೊಳ್ಳಿದ.

"ತಪ್ಪ ತಿಳಕೋಬ್ಯಾಡ" ಅಂದ.

"ಇಲ್ಲೋ. ನೋಡು. ಆ ಕಡೇದೂ ನೋಡು" ಅಂದ್ನಿ.

ಹೋಗಿ ಆ ಕಡೇದೂ ನೋಡಿದ. ಆಮ್ಯಾಲೆ ಬೆನ್ನಮ್ಯಾಲೆ ಮಲಗಿ ಮೆಲ್ಲಕ ಅಡಿಗೆ ಸರದ. ಮೊದಲ ಹಿಂಗಿರಲಿಲ್ಲ. ನಾ ಹೂಂ ಅಂದ್ರ ಸಾಕಿತ್ತು, ಅರ್ಧ ಮಾತ ಆಡಕೋತ, ಹಾಡ ಅನಕೋತ ಒಳಗ ಹೋಗಿಬಿಡತಿದ್ದ. ಈಗ ದಿನಾ ನೋಡೇ ಹೋಗತಾನ. ಹಂಗ ನೋಡಿ ಹೋಗೂದ ಬರೋಬ್ಬರಿ, ಯಾವ ಗ್ಯಾರೇಜಿನಾಗರ ಹಂಗ ಮಾಡಬೇಕು, ಅದು ನನಗ ಚೊಲೊತ್ನ್ಯಾಗ ಗೊತ್ತೈತಿ. ಅಂವ ಮೊಣಕಾಲೂರಿ ನಾ ಇಟ್ಟ ಪಿನ್ನ ಮುಟ್ಟೂವಾಗ ನಾ ಏನರ ಹುಡಕೂವವರಂಗ ಮಾರಿ ಆ ಕಡೆ ಮಾಡಿ ನಿಂದರತೇನಿ.